ಪ್ರೊಪೆಲ್ಲರ್ ಇಲ್ಲದೆ ಸಾಗುವ ಸಮುದ್ರ ಗ್ಲೈಡರ್

ಜಲಾಂತರ್ಗಾಮಿ ನೀರು ತುಂಬಿಕೊಂಡು ಮುಳುಗುತ್ತದೆ ಅಂತ ಓದಿರುತ್ತೀರಿ. ಆಳಕ್ಕಿಳಿಯುವ ಗ್ಲೈಡರ್, ಅಂದರೆ ಮನುಷ್ಯರಿಲ್ಲದೆ ಸಮುದ್ರದೊಳಗೆ ಸಾಗುತ್ತಾ ನೀರನ್ನು ಅಳೆಯುವ ಯಂತ್ರ, ಹಾಗಲ್ಲ. ಅದರ ತೂಕ ಬದಲಾಗುವುದಿಲ್ಲ, ಗಾತ್ರ ಬದಲಾಗುತ್ತದೆ. ಇದೊಂದು ತಲೆಗೆ ಹೋದರೆ ಉಳಿದದ್ದು ಸಲೀಸು.

ಒಳಗೆ ಒಂದಿಷ್ಟು ಎಣ್ಣೆ, ಹೊರಗೆ ನೀರಿಗೆ ತಾಗುವಂತೆ ಒಂದು ಹಿಗ್ಗುವ ಚೀಲ. ಎಣ್ಣೆ ಒಳಗೆ ಬಂದರೆ ಚೀಲ ಕುಗ್ಗುತ್ತದೆ, ಪಕ್ಕಕ್ಕೆ ತಳ್ಳುವ ನೀರು ಕಡಿಮೆಯಾಗುತ್ತದೆ, ಗ್ಲೈಡರ್ ಇಳಿಯುತ್ತದೆ. ಎಣ್ಣೆಯನ್ನು ಮತ್ತೆ ಹೊರಗೆ ತಳ್ಳಿದರೆ ಏರುತ್ತದೆ. ಸುಮ್ನೆ ಇಳಿದು ಏರಿದರೆ ಮುಂದೆ ಹೋಗುವುದಿಲ್ಲ, ಅಲ್ವಾ? ಅದಕ್ಕೇ ರೆಕ್ಕೆಗಳಿವೆ. ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸಿ ಮೂತಿಯನ್ನು ಕೆಳಗೋ ಮೇಲಕ್ಕೋ ಬಾಗಿಸುತ್ತಾರೆ. ಆಗ ರೆಕ್ಕೆಗಳಿಂದಾಗಿ ಅದು ಓರೆಯಾಗಿ ಜಾರುತ್ತದೆ.

ಈಗ ಲೆಕ್ಕ. 1000 ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 100 ಪಟ್ಟು ವಾಯುಒತ್ತಡದಷ್ಟು. ಅದರ ವಿರುದ್ಧ ಅರ್ಧ ಲೀಟರ್ ಎಣ್ಣೆ ತಳ್ಳಲು ಬೇಕಾದ ಶಕ್ತಿ ಎಂದರೆ ಒತ್ತಡ ಗುಣಿಸು ಗಾತ್ರ, ಅಂದರೆ ಸುಮಾರು 5000 ಜೂಲ್. 5 ವಾಟ್‌ನ ಬಲ್ಬ್ 17 ನಿಮಿಷ ಉರಿಯುವಷ್ಟೇ! ಪಂಪ್‌ನಲ್ಲಿ ಪೋಲಾಗುವುದನ್ನು ಸೇರಿಸಿದರೂ ಖರ್ಚು ದೊಡ್ಡದಲ್ಲ. ಅದೇ ಕಾರಣಕ್ಕೆ ತಿಂಗಳುಗಟ್ಟಲೆ ಓಡುತ್ತದೆ. 2009ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಗ್ಲೈಡರೊಂದು ಅಮೆರಿಕದ ಕರಾವಳಿಯಿಂದ ಹೊರಟು, ಅಟ್ಲಾಂಟಿಕ್ ದಾಟಿ ಸ್ಪೇನ್ ಸೇರಿತು. ಹಿಡಿದದ್ದು 221 ದಿನ.

ವೇಗ ಮಾತ್ರ ಗಂಟೆಗೆ ಒಂದು ಕಿಲೋಮೀಟರ್ ಆಸುಪಾಸು. ಅಟ್ಲಾಂಟಿಕ್‌ನ ಗಲ್ಫ್ ಸ್ಟ್ರೀಮ್‌ನಂಥ ಸಮುದ್ರ ಪ್ರವಾಹ ಇದಕ್ಕಿಂತ ಎಷ್ಟೋ ಪಟ್ಟು ಜೋರು. ಅಲ್ಲಿ ಎದುರೀಜು ನಡೆಯುವುದಿಲ್ಲ. ನನ್ನ ಪ್ರಕಾರ ಇಡೀ ಪಾಠದಲ್ಲಿ ಚಂದದ ಭಾಗ ಈ ದೌರ್ಬಲ್ಯದಿಂದಲೇ ಹುಟ್ಟುತ್ತದೆ.

ನೀರೊಳಗೆ ಜಿಪಿಎಸ್ ಸಿಗದು. ದಿಕ್ಕು, ಓರೆ, ಇಳಿಯುವ ವೇಗ ಇವುಗಳಿಂದ ಗ್ಲೈಡರ್ ತಾನು ಎಲ್ಲಿರಬೇಕು ಎಂದು ಅಂದಾಜು ಮಾಡುತ್ತದೆ. ಮೇಲೆ ಬಂದಾಗ, ದಾರಿಯುದ್ದಕ್ಕೂ ಅಳೆದ ಉಷ್ಣತೆ, ಉಪ್ಪಿನಂಶಗಳನ್ನು ಉಪಗ್ರಹದ ಮೂಲಕ ಕಳಿಸುತ್ತದೆ. ಜಿಪಿಎಸ್‌ನಲ್ಲಿ ನಿಜವಾದ ಜಾಗವನ್ನೂ ನೋಡಿಕೊಳ್ಳುತ್ತದೆ. ಎರಡೂ ತಾಳೆಯಾಗುವುದಿಲ್ಲ. ಆ ವ್ಯತ್ಯಾಸವೇ ಪ್ರವಾಹದ ಅಳತೆ! 4 ಗಂಟೆಯ ಮುಳುಗಿನ ನಂತರ 1440 ಮೀಟರ್ ವ್ಯತ್ಯಾಸ ಬಂತು ಅಂದುಕೊಳ್ಳಿ. 14400 ಸೆಕೆಂಡಿನಿಂದ ಭಾಗಿಸಿ: ಪ್ರವಾಹ ಸೆಕೆಂಡಿಗೆ 10 ಸೆಂಟಿಮೀಟರ್. ಇದು ಮೇಲಿಂದ ಗ್ಲೈಡರ್ ಇಳಿದ ಆಳದವರೆಗಿನ ಸರಾಸರಿ ಅಷ್ಟೇ. ಯಾವ ಆಳದಲ್ಲಿ ಎಷ್ಟು ಜೋರು ಎಂದು ಈ ಒಂದು ಲೆಕ್ಕದಿಂದ ತಿಳಿಯುವುದಿಲ್ಲ.