ಸ್ಟೇಷನ್ನು ಪೆಟ್ಟಿಗೆಯೊಳಗೆ ಇರುವುದಿಲ್ಲ

ಶಿರಸಿಯ ದೇವಿಕೆರೆ ಹತ್ತಿರದ ನನ್ನ ಅಂಗಡಿಗೆ ಇಂಟರ್ನೆಟ್ ರೇಡಿಯೋ, ಎಂದರೆ ಮನೆಯ ವೈ-ಫೈ ಮೂಲಕ ಸ್ಟೇಷನ್ ಕೇಳಿಸುವ ಪೆಟ್ಟಿಗೆ, ಹಿಡಿದು ಬರುವವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ, ಅದರ ಹಿಂಬದಿಯ ಏರಿಯಲ್ ಕಡ್ಡಿಯನ್ನು ಪೂರ್ತಿ ಎಳೆದು, ಪೆಟ್ಟಿಗೆಯನ್ನು ಕಿಟಕಿಯ ಕಡೆಗೆ ತಿರುಗಿಸಿ, "ತಮಾ, ಇಷ್ಟೆಲ್ಲ ಎಳದ್ರೂ ಧಾರವಾಡ ಬತ್ತಿಲ್ಲೆ" ಎಂದು ದೂರುವುದು. ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ, ಏಕೆಂದರೆ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಚೆನ್ನಾಗಿ ಹಿಡಿಯಲೆಂದು ಅಡಕೆ ಮರದಿಂದ ಮಾಡಿನ ತುದಿಗೆ ತಾಮ್ರದ ತಂತಿ ಕಟ್ಟಿಸುವುದನ್ನು ಈ ಸುತ್ತಿನ ಎಷ್ಟೋ ಮನೆಗಳಿಗೆ ಕಲಿಸಿದವನು ನಾನೇ. ಆದರೆ ಇಂಟರ್ನೆಟ್ ರೇಡಿಯೋದ ಕಡ್ಡಿ ಇರುವುದು ಎಫ್‌ಎಂ ಹಿಡಿಯುವುದಕ್ಕೆ ಮಾತ್ರ. ಇಂಟರ್ನೆಟ್ಟಿನಿಂದ ಬರುವ ಧಾರವಾಡಕ್ಕೂ ಆ ಕಡ್ಡಿಗೂ ಯಾವ ಸಂಬಂಧವೂ ಇಲ್ಲ.

ಇಷ್ಟನ್ನು ಬಹುತೇಕರು ಒಂದೇ ಸಲಕ್ಕೆ ಒಪ್ಪಿಕೊಳ್ಳುತ್ತಾರೆ. ಇದರ ಹಿಂದಿರುವ ಇನ್ನೊಂದು ಸಂಗತಿಯನ್ನು ಮಾತ್ರ ಹತ್ತು ಸಲ ಹೇಳಿದರೂ ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲವಾದ್ದರಿಂದ, ಈ ಸಲ ಬರೆದೇ ತಿಳಿಸೋಣವೆಂದು ಕುಳಿತಿದ್ದೇನೆ. ಪೆಟ್ಟಿಗೆಯ ಡಬ್ಬದ ಮೇಲೆ ಇಪ್ಪತ್ತು ಸಾವಿರ ಸ್ಟೇಷನ್ನು, ಮೂವತ್ತು ಸಾವಿರ ಸ್ಟೇಷನ್ನು ಎಂದು ಅಚ್ಚು ಹಾಕಿರುತ್ತಾರಲ್ಲ, ಆ ಸ್ಟೇಷನ್ನುಗಳಲ್ಲಿ ಒಂದೂ ಪೆಟ್ಟಿಗೆಯೊಳಗೆ ಇಲ್ಲ. ಅವುಗಳ ವಿಳಾಸವೂ ಒಳಗಿಲ್ಲ. ನೀವು 'ಧಾರವಾಡ' ಎಂದು ಆರಿಸಿದಾಗ ಪೆಟ್ಟಿಗೆಯು ಮೊದಲು ಬೇರೊಂದು ಕಂಪನಿಯು ಎಲ್ಲೋ ಇಟ್ಟುಕೊಂಡಿರುವ ಸರ್ವರನ್ನು ಸಂಪರ್ಕಿಸಿ, ಧಾರವಾಡದ ಧ್ವನಿ ಇಂದು ಯಾವ ವಿಳಾಸದಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತದೆ. ಅಲ್ಲಿಂದ ಉತ್ತರ ಬಂದ ಮೇಲೆಯೇ ಆಕಾಶವಾಣಿಯ ಸರ್ವರಿಗೆ ಹೋಗಿ ಧ್ವನಿಯನ್ನು ತರುತ್ತದೆ.

ನಮ್ಮ ಕಾಲದವರಿಗೆ ಇದನ್ನು ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಮೂಲಕ ತಿಳಿಸುವುದು ಸುಲಭ. ಡಯಲ್ ಇಲ್ಲದ ಆ ಕಪ್ಪು ಫೋನಿನಲ್ಲಿ ರಿಸೀವರ್ ಎತ್ತಿ, ಆಪರೇಟರಿಗೆ ಕುಮಟೆಯ ಇಂಥ ನಂಬರು ಕೊಡಿ ಎಂದು ಕೇಳಬೇಕಾಗಿತ್ತು. ನಿಮ್ಮ ಫೋನು ಸರಿಯಿದ್ದು, ಕುಮಟೆಯ ಫೋನೂ ಸರಿಯಿದ್ದು, ನಡುವಿನ ತಂತಿಯೂ ಸರಿಯಿದ್ದರೂ, ಆಪರೇಟರ್ ಕುರ್ಚಿಯಲ್ಲಿ ಇಲ್ಲದಿದ್ದರೆ ಮಾತು ನಡೆಯುತ್ತಿರಲಿಲ್ಲ. ಇಂಟರ್ನೆಟ್ ರೇಡಿಯೋ ವಿಚಾರಿಸುವ ಆ ಬೇರೆ ಕಂಪನಿಯ ಸರ್ವರಿನಲ್ಲಿರುವ ಸ್ಟೇಷನ್ ಪಟ್ಟಿಯೇ ಆ ಆಪರೇಟರ್. ಇನ್ನೂ ಒಂದು ಮಾತು ಸೇರಿಸಬೇಕು: ನೀವು ಅಪ್ಪನಿಗೆ ಅನುಕೂಲವಾಗಲಿ ಎಂದು ಒಂದನೇ ಗುಂಡಿಗೆ ಧಾರವಾಡ, ಎರಡನೇ ಗುಂಡಿಗೆ ಆಕಾಶವಾಣಿಯ ಸಂಗೀತದ ವಾಹಿನಿ ರಾಗಂ ಎಂದು ಹಾಕಿಕೊಟ್ಟಿರುತ್ತೀರಲ್ಲ, ಅನೇಕ ಪೆಟ್ಟಿಗೆಗಳಲ್ಲಿ ಆ ಗುಂಡಿಯ ನೆನಪಿನಲ್ಲಿ ಇರುವುದು ಸ್ಟೇಷನ್ನಿನ ನಿಜವಾದ ವಿಳಾಸವಲ್ಲ, ಪಟ್ಟಿಯಲ್ಲಿ ಅದಕ್ಕಿರುವ ಕ್ರಮಸಂಖ್ಯೆ. ಪಟ್ಟಿ ಹೋದರೆ ಗುಂಡಿಯ ನೆನಪೂ ಹೋದಂತೆಯೇ.

ಪಟ್ಟಿ ಹೋಗುವುದುಂಟೇ ಎಂದು ಕೇಳುವವರಿಗಾಗಿ ಮೂರು ಉದಾಹರಣೆಗಳನ್ನು ಕೊಡುತ್ತೇನೆ. ಹಲವು ಬ್ರ್ಯಾಂಡುಗಳ ಪೆಟ್ಟಿಗೆಗಳಿಗೆ ಒಳಗಿನ ಬೋರ್ಡು ಒದಗಿಸುವ ಫ್ರಾಂಟಿಯರ್ ಸಿಲಿಕಾನ್ 2019ರಲ್ಲಿ ವಿಟ್ಯೂನರ್ ಎಂಬ ಪಟ್ಟಿಯನ್ನು ಬಿಟ್ಟು ಏರೇಬಲ್ ಎಂಬ ಪಟ್ಟಿಗೆ ಬದಲಾಯಿಸಿಕೊಂಡಾಗ, ಜಗತ್ತಿನಾದ್ಯಂತ ಜನರು ತಾವು ಗುಂಡಿಗೆ ಹಾಕಿಟ್ಟ ಸ್ಟೇಷನ್ನುಗಳನ್ನು ಮತ್ತೊಮ್ಮೆ ಹುಡುಕಿ ಹಾಕಿಕೊಳ್ಳಬೇಕಾಯಿತು. ರೆಸಿವಾ ಎಂಬ ಇನ್ನೊಂದು ಪಟ್ಟಿ 2021ರಲ್ಲಿ ನಿಂತೇ ಹೋಯಿತು. ಅದನ್ನೇ ನಂಬಿದ್ದ ಪೆಟ್ಟಿಗೆಗಳು ಸ್ಪೀಕರು, ಪರದೆ, ಗುಂಡಿಗಳೆಲ್ಲ ಗಟ್ಟಿಮುಟ್ಟಾಗಿರುವಾಗಲೇ ಮೂಕವಾದವು. ಲಾಜಿಟೆಕ್ ಕಂಪನಿಯ ಸ್ಕ್ವೀಜ್‌ಬಾಕ್ಸ್ ಸೇವೆ 2024ರಲ್ಲಿ ಮುಗಿಯಿತಾದರೂ, ಮನೆಯ ಕಂಪ್ಯೂಟರಿನಲ್ಲಿಯೇ ನಡೆಸಬಹುದಾದ ಲಿರಿಯನ್ ಎಂಬ ಮುಕ್ತ ಸಾಫ್ಟ್‌ವೇರ್ ಇರುವ ಕಾರಣ ಆ ಪೆಟ್ಟಿಗೆಗಳು ಈಗಲೂ ಹಾಡುತ್ತಿವೆ. ರೆಸಿವಾ ಪೆಟ್ಟಿಗೆಗೂ ಸ್ಕ್ವೀಜ್‌ಬಾಕ್ಸಿಗೂ ಇರುವ ಈ ವ್ಯತ್ಯಾಸವನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ.

ಈ ಪಾಠವನ್ನು ನಾನೂ ಪುಕ್ಕಟೆ ಕಲಿತವನಲ್ಲ. ಒಂದು ಕಂಪನಿಯ ಪೆಟ್ಟಿಗೆಗಳನ್ನು, ಅದರ ಮರದ ಕವಚಕ್ಕೂ ದುಂಡನೆಯ ಹಿತ್ತಾಳೆಯ ಗುಂಡಿಗೂ ಮರುಳಾಗಿ, ನಾಲ್ಕು ಮನೆಗಳಿಗೆ ನಾನೇ ಮುಂದೆ ನಿಂತು ಕೊಡಿಸಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಪಟ್ಟಿ ನಿಂತುಹೋಯಿತು. ಸೋಂದಾ ಕಡೆಯ ಒಂದು ಮನೆಯಲ್ಲಿ ಆ ಪೆಟ್ಟಿಗೆಯನ್ನು ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದಾರೆ. ನಾನು ಹೋದಾಗಲೆಲ್ಲ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಯಜಮಾನರು ಏನೂ ಅನ್ನದೆ ಕವಳದ ಹರಿವಾಣವನ್ನು ನನ್ನ ಮುಂದಕ್ಕೆ ಸರಿಸುತ್ತಾರೆ. ಬೈದಿದ್ದರೆ ನನಗೆ ಇಷ್ಟು ಕಸಿವಿಸಿಯಾಗುತ್ತಿರಲಿಲ್ಲ.

ಆದ್ದರಿಂದ ಕೊಳ್ಳುವ ಮೊದಲು ಅಂಗಡಿಯವನನ್ನು ಕೇಳಬೇಕಾದದ್ದು ಎಷ್ಟು ವ್ಯಾಟ್ ಎಂಬುದನ್ನಲ್ಲ, ಪಟ್ಟಿ ಯಾರದು ಎಂಬುದನ್ನು. ಅವನಿಗೆ ಉತ್ತರ ಗೊತ್ತಿಲ್ಲದಿದ್ದರೆ, ಮತ್ತು ಸಾಮಾನ್ಯವಾಗಿ ಗೊತ್ತಿರುವುದಿಲ್ಲ, ಬಳಕೆಯ ಕೈಪಿಡಿಯಲ್ಲಿ ಇರುತ್ತದೆ. ಅದಾದ ಮೇಲೆ, ಪಟ್ಟಿಯ ನೆರವಿಲ್ಲದೆ ಸ್ಟೇಷನ್ನಿನ ವಿಳಾಸವನ್ನು ನಾವೇ ಕೈಯಾರೆ ತುಂಬಲು ಬರುತ್ತದೆಯೇ ಎಂದು ವಿಚಾರಿಸಿ. ಇಲ್ಲಿ ಒಂದು ಮೋಸದ ತಿರುವು ಇದೆ: ಕೆಲವು ಕಂಪನಿಗಳು "ನಿಮ್ಮದೇ ಸ್ಟೇಷನ್ ಸೇರಿಸಿಕೊಳ್ಳಿ" ಎನ್ನುತ್ತವೆಯಾದರೂ, ಸೇರಿಸಬೇಕಾದದ್ದು ಅವರ ವೆಬ್‌ಸೈಟಿನಲ್ಲಿ ಖಾತೆ ತೆರೆದು, ಅಂದರೆ ನಿಮ್ಮ ವಿಳಾಸವೂ ಹೋಗಿ ಕೂರುವುದು ಅದೇ ಆಪರೇಟರ್ ಬಳಿ. ಪೆಟ್ಟಿಗೆಯ ಐಪಿ ಸಂಖ್ಯೆಯನ್ನು (ಮನೆಯ ವೈ-ಫೈಯಲ್ಲಿ ಅದಕ್ಕೆ ಸಿಗುವ ಗುರುತಿನ ಸಂಖ್ಯೆ) ಮನೆಯ ಕಂಪ್ಯೂಟರಿನ ಬ್ರೌಸರಿನಲ್ಲಿ ಹಾಕಿದಾಗ ಪೆಟ್ಟಿಗೆಯದೇ ಒಂದು ಪುಟ ತೆರೆದುಕೊಂಡು, ವಿಳಾಸವು ಪೆಟ್ಟಿಗೆಯ ಒಳಗೇ ಉಳಿಯುವಂತಿದ್ದರೆ ಅದು ಬೇರೆಯೇ ಜಾತಿ. ಅಂಥದ್ದು ಸಿಕ್ಕಿದರೆ ಸ್ವಲ್ಪ ಹೆಚ್ಚು ಬೆಲೆಯಾದರೂ ತೆಗೆದುಕೊಳ್ಳಿ ಎಂದೇ ನನ್ನ ಸಲಹೆ. ಕೊನೆಯದಾಗಿ ಬ್ಲೂಟೂತ್ ಮತ್ತು ಹೊರಗಿನ ಧ್ವನಿಯನ್ನು ತಂತಿಯಲ್ಲಿ ಕೊಡುವ ಆಕ್ಸ್ ತೂತು ಎರಡೂ ಇರಲಿ. ಎಲ್ಲ ಪಟ್ಟಿಗಳೂ ಮುಳುಗಿದ ದಿನ ಮೊಬೈಲಿನಲ್ಲಿ ನ್ಯೂಸ್‌ಆನ್‌ಏರ್ ಹಾಕಿ ಪೆಟ್ಟಿಗೆಯ ಸ್ಪೀಕರಿನಲ್ಲಿ ಕೇಳಬಹುದು. ಆಕಾಶವಾಣಿಯ 200ಕ್ಕೂ ಹೆಚ್ಚು ವಾಹಿನಿಗಳು ಆ ಆ್ಯಪಿನಲ್ಲಿ ಸಿಗುತ್ತವೆ.

ಒಂದೇ ಹೆಸರಿನ ಮಾದರಿಯಲ್ಲಿ ಈ ವರ್ಷ ಒಂದು ಬೋರ್ಡು, ಮುಂದಿನ ವರ್ಷ ಇನ್ನೊಂದು ಬೋರ್ಡು ಬರುವುದು ಈ ವ್ಯಾಪಾರದಲ್ಲಿ ಹೊಸದೇನಲ್ಲವಾದ್ದರಿಂದ, ಇಂಥದ್ದೇ ಕೊಳ್ಳಿ ಎಂದು ನಾನು ಯಾರಿಗೂ ಬರೆದುಕೊಡುವುದಿಲ್ಲ. ನೋಡಿ ಕೊಳ್ಳಿ ಎನ್ನುತ್ತೇನೆ. ನೋಡುವುದೆಂದರೆ, ಅಂಗಡಿಯಲ್ಲಿಯೇ ನಿಮ್ಮ ಮೊಬೈಲಿನ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್ ಎಂಬ ವೈ-ಫೈ ಅಲೆಯಲ್ಲಿ ತೆರೆದು, ಪೆಟ್ಟಿಗೆಗೆ ಜೋಡಿಸಿ, ಧಾರವಾಡವನ್ನೋ ರಾಗಂ ಅನ್ನೋ ಹುಡುಕಿ, ಕಾಲು ಗಂಟೆ ನಿಂತು ಕೇಳುವುದು. ಅಂಗಡಿಯವನು ಯಾವುದೋ ವಿದೇಶಿ ಸ್ಟೇಷನ್ ಹಾಕಿ ತೋರಿಸಿದರೆ ಅದನ್ನು ಪರೀಕ್ಷೆ ಎಂದು ಒಪ್ಪಬೇಡಿ. ಇದಕ್ಕೆ ಕಾರಣವಿದೆ. ಆಕಾಶವಾಣಿಯ ಧ್ವನಿ ಎಚ್‌ಎಲ್‌ಎಸ್ ಎಂಬ ಕ್ರಮದಲ್ಲಿ, ಎಂದರೆ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ. ಹಳೆಯ ಅಥವಾ ಅಗ್ಗದ ಪೆಟ್ಟಿಗೆಗಳು ಒಂದೇ ಧಾರೆಯಾಗಿ ಬರುವ ಎಂಪಿ3 ಮಾತ್ರ ಅರಿತಿದ್ದು, ಎಂ3ಯು8 ಎಂದು ಮುಗಿಯುವ ವಿಳಾಸ ಕಂಡರೆ ಸುಮ್ಮನಾಗುತ್ತವೆ. 2023ರಲ್ಲಿ ಬಿಬಿಸಿ ತನ್ನ ಹಳೆಯ ಎಂಪಿ3 ಧಾರೆಗಳನ್ನು ನಿಲ್ಲಿಸಿದಾಗ ಅವರ ದೇಶದಲ್ಲಿಯೇ ಎಷ್ಟೋ ಪೆಟ್ಟಿಗೆಗಳಿಗೆ ಬಿಬಿಸಿ ಸಿಗದಂತಾದದ್ದು ಇದೇ ಕಾರಣಕ್ಕೆ. ರಾಗಂ ಕೇಳಲೆಂದೇ ಪೆಟ್ಟಿಗೆ ಕೊಳ್ಳುವವರು ನಮ್ಮ ಕಡೆ ಬಹಳ. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ ಆ ಇಪ್ಪತ್ನಾಲ್ಕು ಗಂಟೆಯ ಶಾಸ್ತ್ರೀಯ ಸಂಗೀತದ ವಾಹಿನಿಯನ್ನು ಅಡಕೆ ಮರಕ್ಕೆ ಎಷ್ಟು ತಂತಿ ಕಟ್ಟಿದರೂ ಇಲ್ಲಿ ಹಿಡಿಯಲಾಗದು. ಅಂಥವರು ಮನೆಗೆ ಹೋದ ಮೇಲೆ ರಾಗಂ ಬಿಟ್ಟು ಉಳಿದೆಲ್ಲ ಬರುತ್ತದೆ ಎಂದು ಫೋನು ಮಾಡುವಂತಾಗಬಾರದು.

ಕೊಲ್ಲಿ ದೇಶಗಳಲ್ಲಿಯೂ ಅಮೆರಿಕದಲ್ಲಿಯೂ ಇರುವ ಮಕ್ಕಳು ತಂದುಕೊಡುವ ಪೆಟ್ಟಿಗೆಗಳು ಭಟ್ಕಳದಿಂದ ಕಾರವಾರದವರೆಗೆ ಬೇಕಾದಷ್ಟಿವೆ. ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಬರೆದಿದೆಯೇ ಎಂಬುದನ್ನು ಸಾಕೆಟ್ಟಿಗೆ ಚುಚ್ಚುವ ಮೊದಲೇ ನೋಡಬೇಕು. ಡಿಎಬಿ, ಎಂದರೆ ಒಂದು ಬಗೆಯ ಡಿಜಿಟಲ್ ರೇಡಿಯೋ, ಇದೆ ಎಂದು ಹೆಚ್ಚು ಹಣ ಕೊಟ್ಟಿದ್ದರೆ ಅದು ಇಲ್ಲಿ ವ್ಯರ್ಥ, ನಮ್ಮಲ್ಲಿ ಆ ಪ್ರಸಾರವಿಲ್ಲ. ಅಮೆರಿಕದ ಪೆಟ್ಟಿಗೆಗಳು ವೈ-ಫೈಯ 1ರಿಂದ 11ರವರೆಗಿನ ಚಾನೆಲ್ಲುಗಳನ್ನಷ್ಟೇ ಹುಡುಕುವುದರಿಂದ, ನಿಮ್ಮ ರೂಟರ್ 12ರಲ್ಲೋ 13ರಲ್ಲೋ ಕುಳಿತಿದ್ದರೆ ಪಕ್ಕದಲ್ಲಿಟ್ಟರೂ ಅವುಗಳ ಕಣ್ಣಿಗೆ ಬೀಳುವುದಿಲ್ಲ. ರೂಟರಿನಲ್ಲಿ ಡಬ್ಲ್ಯುಪಿಎ3 ಎಂಬ ಹೊಸ ಬಗೆಯ ವೈ-ಫೈ ಭದ್ರತೆ ಮಾತ್ರ ಎಂದು ಇಟ್ಟಿದ್ದರೆ ಹಳೆಯ ಪೆಟ್ಟಿಗೆ ಎಷ್ಟು ಸಲ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪೆಂದೇ ಹೇಳುತ್ತಿರುತ್ತದೆ. ಒಂದೊಂದೇ ಅಕ್ಷರವನ್ನು ಗುಂಡಿ ತಿರುಗಿಸಿ ಆರಿಸುತ್ತ ಹದಿನಾರು ಅಕ್ಷರದ ಪಾಸ್‌ವರ್ಡನ್ನು ಮೂರು ಸಲ ತುಂಬಿದ ಒಬ್ಬ ಹಿರಿಯರು, ನಾಲ್ಕನೆಯ ಸಲಕ್ಕೆ ಪೆಟ್ಟಿಗೆಯನ್ನು ನನ್ನ ಕೈಗಿತ್ತು ಸುಮ್ಮನೆ ಹೊರಟುಹೋಗಿದ್ದರು. ರೂಟರಿನಲ್ಲಿ ಪಾಸ್‌ವರ್ಡ್ ಇಲ್ಲದೆ ಜೋಡಿಸುವ ಡಬ್ಲ್ಯುಪಿಎಸ್ ಗುಂಡಿ ಇದ್ದು ಪೆಟ್ಟಿಗೆಯೂ ಅದನ್ನು ಒಪ್ಪುವುದಾದರೆ ಈ ವನವಾಸ ತಪ್ಪುತ್ತದೆ.

ಕರಾವಳಿಯ ಚಿರೇಕಲ್ಲಿನ ಮನೆಗಳಲ್ಲಿ ದಪ್ಪ ಗೋಡೆಗಳು ಎರಡು ಅಡ್ಡ ಬಂದರೆ ವೈ-ಫೈ ಸೋಲುತ್ತದೆ. 5 ಗಿಗಾಹರ್ಟ್ಸ್ ವೇಗ ಹೆಚ್ಚೆಂದು ಅದಕ್ಕೇ ಜೋತುಬೀಳುವವರಿಗೆ ಹೇಳುವುದಿಷ್ಟೇ: ಸಂಗೀತಕ್ಕೆ ವೇಗ ಬೇಕಾಗಿಲ್ಲ, ಗೋಡೆ ದಾಟುವ ಶಕ್ತಿ ಬೇಕು, ಅದು 2.4ಕ್ಕೆ ಹೆಚ್ಚು. 128 ಕಿಲೋಬಿಟ್ಟಿನ ಧಾರೆಗೆ ಗಂಟೆಗೆ ಖರ್ಚಾಗುವುದು ಸುಮಾರು 58 ಎಂಬಿ. ದಿನಕ್ಕೆ ನಾಲ್ಕು ಗಂಟೆ ಕೇಳಿದರೂ ತಿಂಗಳಿಗೆ 7 ಜಿಬಿ ದಾಟದು. ಸ್ಪೀಕರಿನ ವಿಷಯದಲ್ಲಿ ನಾನು ಹೆಚ್ಚು ಹೇಳುವುದಿಲ್ಲ. ಭಾಗವತರ ಪದವಿರುವ ಒಂದು ಧ್ವನಿಮುದ್ರಿಕೆ ಹಾಕಿ, ಮದ್ದಲೆಯ ಗುಮ್ಮೆಂಬ ಸದ್ದಿನ ಅಡಿಯಲ್ಲಿ ಪದದ ಅಕ್ಷರಗಳು ಮುಚ್ಚಿಹೋಗದಿದ್ದರೆ ಆ ಸ್ಪೀಕರು ಸಾಕು.

ವ್ಯಾಟ್‌ಗಿಂತ ಹೆಚ್ಚಾಗಿ ಪರೀಕ್ಷಿಸಬೇಕಾದದ್ದು ಕರೆಂಟು ಹೋಗಿ ಬಂದಾಗ ಪೆಟ್ಟಿಗೆ ಏನು ಮಾಡುತ್ತದೆ ಎಂಬುದು. ಆಷಾಢದಲ್ಲಿ ನಮ್ಮಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆಂದು ಎಣಿಸುವವರಿಲ್ಲ. ಕರೆಂಟು ಬಂದೊಡನೆ ಪೆಟ್ಟಿಗೆ ಅರ್ಧ ನಿಮಿಷದಲ್ಲಿ ಎದ್ದು ವೈ-ಫೈ ಹುಡುಕುತ್ತದೆ. ರೂಟರ್ ಎದ್ದು ಫೈಬರಿನ ಆಚೆಯ ತುದಿಯೊಡನೆ ಮಾತು ಕುದುರಿಸಿಕೊಳ್ಳಲು ಎರಡು ಮೂರು ನಿಮಿಷ ಬೇಕು. ಒಳ್ಳೆಯ ಪೆಟ್ಟಿಗೆ ಮತ್ತೆ ಮತ್ತೆ ಪ್ರಯತ್ನಿಸುತ್ತ, ಕೊನೆಗೆ ಹಿಂದಿನ ಸ್ಟೇಷನ್ನನ್ನೇ ತಾನಾಗಿ ಹಿಡಿಯುತ್ತದೆ. ಕೆಟ್ಟದ್ದು ಒಂದು ಸಲ ನೋಡಿ, ನೆಟ್‌ವರ್ಕ್ ಇಲ್ಲವೆಂದು ಪರದೆಯ ಮೇಲೆ ಬರೆದು, ಯಾರಾದರೂ ಬಂದು ಗುಂಡಿ ಒತ್ತುವವರೆಗೆ ಹಾಗೆಯೇ ಕೂರುತ್ತದೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು, ಕನ್ನಡಕವಿಲ್ಲದೆ ಪರದೆ ಓದಲಾರದ ಇಬ್ಬರೇ ವೃದ್ಧರಿರುವ ಮನೆಗೆ ಇದೊಂದೇ ಗುಣ ಉಳಿದೆಲ್ಲಕ್ಕಿಂತ ಮುಖ್ಯ. ರೂಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಹಾಕಿಸಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಊರಿನ ಫೈಬರಿನ ಪೆಟ್ಟಿಗೆಗೇ ಕರೆಂಟು ಇಲ್ಲದಿದ್ದರೆ ಅದಕ್ಕೆ ನನ್ನಲ್ಲಿ ಔಷಧವಿಲ್ಲ.

ಇಷ್ಟೆಲ್ಲ ಸರಿಹೋದ ಮೇಲೂ ಒಂದು ದೂರು ಬರುತ್ತದೆ. ಕಾರವಾರದ ಕೋಡಿಬಾಗದ ಒಬ್ಬ ನಿವೃತ್ತ ಅಕ್ಕೋರು (ಶಾಲೆಯ ಶಿಕ್ಷಕಿ), ಪೆಟ್ಟಿಗೆ ಹಾಕಿಸಿದ ವಾರದಲ್ಲಿಯೇ ಫೋನು ಮಾಡಿ, ಗೋಡೆಯ ಗಡಿಯಾರ ಕೆಟ್ಟಿದೆ, ರೇಡಿಯೋದಲ್ಲಿ ಸಮಯ ತಿಳಿಸುವ ಟುಯ್ ಟುಯ್‌ಗೆ ಎಷ್ಟು ಸಲ ಸರಿಮಾಡಿದರೂ ಮೊಬೈಲಿಗಿಂತ ಹಿಂದೆ ಬೀಳುತ್ತದೆ ಎಂದರು. ಗಡಿಯಾರ ಕೆಟ್ಟಿರಲಿಲ್ಲ. ಧ್ವನಿ ತುಣುಕುಗಳಾಗಿ ಬರುವಾಗ ಪೆಟ್ಟಿಗೆಯು ಕೆಲವು ತುಣುಕುಗಳನ್ನು ಮುಂಗಡವಾಗಿ ಶೇಖರಿಸಿಟ್ಟುಕೊಂಡೇ ನುಡಿಸಲು ಆರಂಭಿಸುವುದರಿಂದ, ನಾವು ಕೇಳುವುದು ಅರ್ಧ ನಿಮಿಷದಷ್ಟು ಹಳೆಯ ಮಾತನ್ನು; ಅದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಇದನ್ನು ದುರಸ್ತಿ ಮಾಡಲು ಬರುವುದಿಲ್ಲ ಎಂದೆ. ಮುಂದಿನ ಸಲ ಕಾರವಾರಕ್ಕೆ ಹೋದಾಗ ನೋಡಿದರೆ, ಅಟ್ಟದ ಮೇಲಿದ್ದ ಹಳೆಯ ಟ್ರಾನ್ಸಿಸ್ಟರನ್ನು ಇಳಿಸಿ ಒರೆಸಿ ಹೊಸ ಪೆಟ್ಟಿಗೆಯ ಪಕ್ಕದಲ್ಲಿಯೇ ಇಟ್ಟುಕೊಂಡಿದ್ದರು. ಬೆಳಿಗ್ಗೆ ಎರಡನ್ನೂ ಹಾಕುತ್ತಾರಂತೆ: ಗಡಿಯಾರಕ್ಕೆ ಹಳೆಯದು, ಆಮೇಲಿನ ಸಂಗೀತಕ್ಕೆ ಹೊಸದು. ನಡುವೆ ಬರುವ ವಾರ್ತೆಯ ತಲೆಬರಹಗಳನ್ನು ಮೊದಲ ಸಲ ಸರಿಯಾಗಿ ಕೇಳಿಸದಿದ್ದರೆ, ಅರ್ಧ ನಿಮಿಷ ಕಾದು ಇನ್ನೊಂದರಲ್ಲಿ ಕೇಳಿಸಿಕೊಳ್ಳುತ್ತಾರೆ.