ಸಂಸದರ ಹೆಸರಿನ ಮುಂದೆ ಎಷ್ಟು ಮಸೂದೆ?

ಚುನಾವಣೆ ಹತ್ತಿರ ಬಂತು ಅಂದರೆ ಸಂಸತ್ತಿನ ದಾಖಲೆ ನೋಡುವ ನಮ್ಮಂಥವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ನಮ್ಮ ಎಂಪಿ ಐದು ವರ್ಷದಲ್ಲಿ ಎಷ್ಟು ಮಸೂದೆ ತಂದಿದ್ದಾರೆ ಸರ್?" ಸಂಖ್ಯೆ ಹುಡುಕಿ ಕೊಡುವುದು ಎರಡು ನಿಮಿಷದ ಕೆಲಸ. ಆದರೆ ಅದೊಂದನ್ನೇ ಹಿಡಿದು ಸಂಸದರ ಕೆಲಸ ಅಳೆಯಲು ಹೊರಟರೆ ಎಡವುತ್ತೀರಿ. ಹತ್ತು ಮಸೂದೆ ಮಂಡಿಸಿದವರು ಒಂದರ ಗೊಡವೆಗೂ ಮತ್ತೆ ಹೋಗದೆ ಇರಬಹುದು. ಒಂದೇ ಒಂದು ತಂದವರು ಸರ್ಕಾರವನ್ನೇ ಅಲುಗಾಡಿಸಿರಬಹುದು. ಹಾಗಾಗಿ ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ: ಎಣಿಸಿದ್ದು ಸಾಕು, ಒಂದು ಮಸೂದೆ ಹಿಡಿದು ಅದರ ಬೆನ್ನು ಹತ್ತಿ.

ಮೊದಲು ಯಾರ ಹೆಸರು ಹುಡುಕುತ್ತಿದ್ದೀರಿ ನೋಡಿಕೊಳ್ಳಿ. ಮಂತ್ರಿಯಲ್ಲದ ಯಾವ ಸಂಸದರೇ ಆಗಲಿ, ಆಡಳಿತ ಪಕ್ಷದವರಾದರೂ ಸರಿ, ವಿರೋಧ ಪಕ್ಷದವರಾದರೂ ಸರಿ, ಸಂಸತ್ತಿನ ಲೆಕ್ಕದಲ್ಲಿ ಖಾಸಗಿ ಸದಸ್ಯರು. ಅವರು ತರುವುದು ಖಾಸಗಿ ಸದಸ್ಯರ ಮಸೂದೆ. ಮಂತ್ರಿ ತರುವುದು ಸರ್ಕಾರಿ ಮಸೂದೆ. ಅದರ ಮೇಲೆ ಮಂತ್ರಿಯ ಹೆಸರಿದ್ದರೂ ಅದು ಇಲಾಖೆಯಲ್ಲಿ ತಯಾರಾಗಿ ಸಂಪುಟ ಒಪ್ಪಿಕೊಂಡದ್ದು. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಜನ ಹೋಗುತ್ತಾರೆ. ಇವರಲ್ಲಿ ಯಾರಾದರೂ ಮಂತ್ರಿಯಾದರೆ ಅಲ್ಲಿಂದ ಮುಂದೆ ಅವರ ಹೆಸರಿನ ಮುಂದೆ ಖಾಸಗಿ ಮಸೂದೆ ಸೊನ್ನೆ, ಕೇಳಿದ ಪ್ರಶ್ನೆಯೂ ಸೊನ್ನೆ. ಅದು ಸೋಮಾರಿತನ ಅಲ್ಲ, ಪದ್ಧತಿಯೇ ಹಾಗೆ. ಆದರೂ 'ಒಂದೂ ಮಸೂದೆ ತರದ ಸಂಸದರು' ಅಂತ ಪಟ್ಟಿ ಮಾಡಿ ಮಂತ್ರಿಗಳನ್ನೂ ಅದರಲ್ಲಿ ಸೇರಿಸಿ ಹಂಚುವವರು ಇದ್ದೇ ಇರುತ್ತಾರೆ.

ಮಾಹಿತಿ ಸಿಗುವುದು ಕಷ್ಟವೇನಲ್ಲ. ಎರಡೂ ಸದನಗಳ ಮಸೂದೆಗಳು ಸಂಸತ್ತಿನ ಸಂಸದ್ ಡಾಟ್ ಇನ್ ಜಾಲತಾಣದಲ್ಲಿವೆ. ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆ ಒಬ್ಬೊಬ್ಬ ಸಂಸದರಿಗೂ ಒಂದು ಪುಟ ಇಟ್ಟಿದೆ: ಹಾಜರಾತಿ, ಪ್ರಶ್ನೆ, ಚರ್ಚೆ, ಖಾಸಗಿ ಮಸೂದೆ. ಮಂತ್ರಿಗಳ ಲೆಕ್ಕವನ್ನು ಅವರು ಹೀಗೆ ಕೊಡುವುದಿಲ್ಲ, ಕಾರಣ ಮೇಲೆ ಹೇಳಿದ್ದೇ. ಹುಡುಕುವಾಗ ಹೆಸರಿನ ಕಾಟ ಮಾತ್ರ ಇದ್ದದ್ದೇ. ಒಂದು ಕಡೆ ಇನಿಶಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ 'ಡಾ.' ಅಂಟಿಕೊಂಡಿರುತ್ತದೆ. ಪೂರ್ತಿ ಹೆಸರು ಹಾಕಿ ಏನೂ ಸಿಗದಿದ್ದರೆ ಹೆಸರಿನ ಒಂದು ಭಾಗ ಮಾತ್ರ ಹಾಕಿ ನೋಡಿ.

ಇನ್ನು ಮಸೂದೆ ಸಾಗುವ ದಾರಿ. ಸಂಸದರೊಬ್ಬರು ಮಸೂದೆ ತರಬೇಕಾದರೆ ಸಾಮಾನ್ಯವಾಗಿ ಒಂದು ತಿಂಗಳು ಮುಂಚೆ ನೋಟಿಸ್ ಕೊಡಬೇಕು. ಅಧಿವೇಶನ ನಡೆಯುವಾಗ ಶುಕ್ರವಾರ ಮಧ್ಯಾಹ್ನದ ಮೇಲೆ ಎರಡೂವರೆ ಗಂಟೆ ಖಾಸಗಿ ಸದಸ್ಯರ ಕಲಾಪಕ್ಕೆ ಮೀಸಲು. ಅದರಲ್ಲೂ ಒಂದು ಶುಕ್ರವಾರ ಮಸೂದೆಗೆ, ಮುಂದಿನ ಶುಕ್ರವಾರ ನಿರ್ಣಯಕ್ಕೆ. ಅಂದರೆ ಮಸೂದೆಗಳಿಗೆ ಸಿಗುವುದು ವಾರ ಬಿಟ್ಟು ವಾರ. ಶುಕ್ರವಾರ ರಜೆ ಬಿತ್ತು, ಗಲಾಟೆಯಲ್ಲಿ ಸದನ ಮುಂದೂಡಿದರು, ಅಧಿವೇಶನ ಎರಡು ದಿನ ಮೊದಲೇ ಮುಗಿಯಿತು ಅಂದರೆ ಅದೂ ಹೋಯಿತು.

ಆ ಶುಕ್ರವಾರದ ಕಾರ್ಯಕಲಾಪ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ಮಂಡನೆಗೆ ಕಾದಿರುವ ಮಸೂದೆಗಳ ಸಾಲು ಉದ್ದಕ್ಕೆ ಹೋಗುತ್ತದೆ. ಪೀಠದಲ್ಲಿರುವವರು ಹೆಸರು ಕರೆಯುತ್ತಾರೆ. ಸಂಸದರು ಎದ್ದು ಮಂಡನೆಗೆ ಅನುಮತಿ ಕೋರುತ್ತಾರೆ. ಧ್ವನಿಮತ. "ಮಸೂದೆ ಮಂಡಿಸುತ್ತೇನೆ" ಅಂತ ಒಂದು ವಾಕ್ಯ. ಮುಂದಿನ ಹೆಸರು. ಒಂದೊಂದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಕರೆದಾಗ ಸಂಸದರು ಸೀಟಿನಲ್ಲಿ ಇಲ್ಲವೇ, ಅವತ್ತು ಮಂಡನೆಯೂ ಇಲ್ಲ. ಆದ್ದರಿಂದ ಪಟ್ಟಿಯಲ್ಲಿ ಹೆಸರು ಕಂಡ ಕೂಡಲೇ 'ಮಂಡಿಸಿದರು' ಅಂತ ಬರೆಯಬಾರದು. ಸಂಜೆಯ ನಡಾವಳಿ, ಅಂದರೆ ಸದನದಲ್ಲಿ ನಡೆದದ್ದರ ದಾಖಲೆ, ನೋಡಿದ ಮೇಲೆಯೇ ಬರೆಯಬೇಕು. ಏಕರೂಪ ನಾಗರಿಕ ಸಂಹಿತೆ ಕುರಿತ ಕಿರೋಡಿ ಲಾಲ್ ಮೀನಾ ಅವರ ಮಸೂದೆ ರಾಜ್ಯಸಭೆಯ ಪಟ್ಟಿಯಲ್ಲಿ ಹಲವು ಸಲ ಬಂದು ಮಂಡನೆಯಾಗದೆ ಹೋಗಿತ್ತು. ಕೊನೆಗೆ 2022ರ ಡಿಸೆಂಬರ್ 9ರಂದು ಮಂಡನೆಯಾಯಿತು. ಅವತ್ತೂ ವಿರೋಧ ಬಂದು ಮತಕ್ಕೆ ಹಾಕಬೇಕಾಯಿತು: ಪರ 63, ವಿರುದ್ಧ 23.

ಮಂಡನೆ ಹಂತದಲ್ಲೇ ಸೋಲುವುದೂ ಉಂಟು. ತೀರಾ ಅಪರೂಪ, ಅಷ್ಟೆ. 2015ರ ಡಿಸೆಂಬರ್ 18ರಂದು ಶಶಿ ತರೂರ್ ಅವರು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ತಿದ್ದುವ ಮಸೂದೆ ತರಲು ಲೋಕಸಭೆಯಲ್ಲಿ ಅನುಮತಿ ಕೇಳಿದರು. 71 ಮತ ವಿರುದ್ಧ, 24 ಪರ. ಮಸೂದೆ ಒಳಗೇ ಬರಲಿಲ್ಲ. ಮಂಡನೆಯಾದವನ್ನು ಮಾತ್ರ ಎಣಿಸುವ ಪಟ್ಟಿಯಲ್ಲಿ ಇಂಥ ಪ್ರಯತ್ನ ಕಾಣುವುದೇ ಇಲ್ಲ. ಮುಂದೆ 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ವಯಸ್ಕರ ನಡುವಿನ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಅದೇ ಸೆಕ್ಷನ್ನಿನ ಹಲ್ಲು ಕಿತ್ತಿತು. ಸೋತ ಆ ಪ್ರಯತ್ನವನ್ನು ಬಿಟ್ಟು ಆ ಸಂಸದರ ಕೆಲಸದ ಲೆಕ್ಕ ಬರೆದರೆ ಅದು ಅರ್ಧ ಲೆಕ್ಕ, ಅಲ್ವಾ?

ಮಂಡನೆಯಾದ ಮಸೂದೆಯ ಪ್ರತಿಯನ್ನು ಇಳಿಸಿಕೊಂಡು ಓದಿ. ಬಹಳ ಜನ ಶೀರ್ಷಿಕೆ ಓದಿ ನಿಲ್ಲಿಸುತ್ತಾರೆ. ನಾನು ಮೊದಲು ನೋಡುವುದು ಕೊನೆಯ ಪುಟಗಳನ್ನು. ಅಲ್ಲಿ 'ಉದ್ದೇಶ ಮತ್ತು ಕಾರಣಗಳ ಹೇಳಿಕೆ' ಇರುತ್ತದೆ. ಈ ಕಾನೂನು ಯಾಕೆ ಬೇಕು ಅಂತ ಸಂಸದರು ತಮ್ಮ ಹೆಸರಿನಲ್ಲಿ ಹೇಳುವ ಜಾಗ ಅದೊಂದೇ. ಕೆಳಗೆ ಸಂಸದರ ಹೆಸರು, ಊರು ನವದೆಹಲಿ, ಒಂದು ದಿನಾಂಕ. ಆ ದಿನಾಂಕಕ್ಕೂ ಮಂಡನೆಯಾದ ದಿನಕ್ಕೂ ಎಷ್ಟೋ ಸಲ ತಿಂಗಳುಗಳ ಅಂತರ ಇರುತ್ತದೆ. ಸಂಸದರು ಯಾವಾಗ ಈ ವಿಷಯ ಕೈಗೆತ್ತಿಕೊಂಡರು, ಸುದ್ದಿಯಲ್ಲಿ ಗದ್ದಲ ಎದ್ದ ಮೇಲೋ ಮೊದಲೋ, ಅನ್ನುವುದಕ್ಕೆ ಸುಳಿವು ಇಲ್ಲೇ ಸಿಗುತ್ತದೆ.

ಅದರ ಪಕ್ಕದಲ್ಲೇ ಹಣಕಾಸು ಟಿಪ್ಪಣಿ. ಮಸೂದೆಯಿಂದ ಸರ್ಕಾರಕ್ಕೆ ಖರ್ಚು ಬೀಳುವುದಾದರೆ ಎಷ್ಟು ಅಂತ ಇಲ್ಲಿ ಹೇಳಬೇಕು. ಹೊಸ ಆಯೋಗ, ಜಿಲ್ಲೆಗೊಂದು ಕೇಂದ್ರ, ಎಲ್ಲರಿಗೂ ಉಚಿತ ಅಂತೆಲ್ಲ ಮಸೂದೆಯಲ್ಲಿ ಬರೆದು, ಇಲ್ಲಿ ಕೋಟಿಗಳ ಒಂದು ದುಂಡನೆಯ ಅಂಕಿ ಹಾಕಿ, ಅದು ಹೇಗೆ ಬಂತು ಅನ್ನುವುದಕ್ಕೆ ಒಂದು ಸಾಲೂ ಇಲ್ಲದಿದ್ದರೆ ನನಗೆ ಅನುಮಾನ ಶುರು. ಇದು ಬರೀ ಕಾಗದದ ಶಾಸ್ತ್ರವೂ ಅಲ್ಲ. ಭಾರತದ ಸಂಚಿತ ನಿಧಿಯಿಂದ, ಅಂದರೆ ಕೇಂದ್ರದ ಬೊಕ್ಕಸದಿಂದ, ಖರ್ಚಾಗುವ ಮಸೂದೆಯನ್ನು ಸದನ ಅಂಗೀಕರಿಸಬೇಕಾದರೆ ಸಂವಿಧಾನದ 117ನೇ ವಿಧಿಯ ಪ್ರಕಾರ ರಾಷ್ಟ್ರಪತಿಗಳ ಶಿಫಾರಸು ಬೇಕು. ರಾಷ್ಟ್ರಪತಿಗಳು ನಡೆಯುವುದು ಸಂಪುಟದ ಸಲಹೆಯಂತೆ. ಖರ್ಚಿನ ಮಸೂದೆ ಸರ್ಕಾರಕ್ಕೆ ಬೇಡವಾದರೆ ಎಲ್ಲಿ ನಿಲ್ಲುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಸಣ್ಣದೊಂದು ಗುರುತು: ಮಸೂದೆಯ ಸಂಖ್ಯೆ ರೋಮನ್ ಅಂಕಿಯಲ್ಲಿದ್ದರೆ ಅದು ರಾಜ್ಯಸಭೆಯದು, ಮಾಮೂಲಿ ಅಂಕಿಯಲ್ಲಿದ್ದರೆ ಲೋಕಸಭೆಯದು. ಇನ್ನೊಂದು, 'ಸಂವಿಧಾನ ತಿದ್ದುಪಡಿ ಮಸೂದೆ' ಅನ್ನುವ ಒಂದೇ ಹೆಸರಿನವು ಒಂದೇ ವರ್ಷದಲ್ಲಿ ಎಷ್ಟೋ ಇರುತ್ತವೆ. ಯಾವ ವಿಧಿಯ ತಿದ್ದುಪಡಿ ಅಂತ ಪಕ್ಕದಲ್ಲಿ ಬರೆದಿರುತ್ತದೆ. ಅದನ್ನು ನೋಡದೆ ಹೋದರೆ ಒಬ್ಬರ ಮಸೂದೆಯನ್ನು ಇನ್ನೊಬ್ಬರ ಖಾತೆಗೆ ಹಾಕಿಬಿಡುತ್ತೀರಿ.

ಅಮೆರಿಕದ ಕಾಂಗ್ರೆಸ್ಸಿನಲ್ಲಿ ಒಬ್ಬರು ತಂದ ಮಸೂದೆಗೆ ಬೇರೆ ಸದಸ್ಯರು ಸಹ-ಪ್ರಾಯೋಜಕರಾಗಿ ಹೆಸರು ಸೇರಿಸುತ್ತಾರೆ. ಯಾರು, ಯಾವತ್ತು ಸೇರಿದರು ಅನ್ನುವುದೆಲ್ಲ ದಾಖಲಾಗುತ್ತದೆ. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ. ಮಸೂದೆ ಒಬ್ಬರದೇ. ಬೆಂಬಲಿಗರು ಯಾರು ಅಂತ ತಿಳಿಯಬೇಕಾದರೆ ಚರ್ಚೆಯ ದಿನದ ನಡಾವಳಿ ಓದಬೇಕು. ಚರ್ಚೆಯೇ ಆಗದಿದ್ದರೆ? ಹೆಚ್ಚಿನವಕ್ಕೆ ಆಗುವುದು ಅದೇ.

17ನೇ ಲೋಕಸಭೆಯಲ್ಲಿ (2019–24) ಮಂಡನೆಯಾದ ಖಾಸಗಿ ಮಸೂದೆಗಳು 729. ಚರ್ಚೆಯಾದದ್ದು ಎರಡು. ಮಂಡನೆಯಾದ ಮೇಲೆ ಯಾವುದು ಮೊದಲು ಚರ್ಚೆಗೆ ಬರಬೇಕು ಅಂತ ತೀರ್ಮಾನಿಸುವುದು ಬ್ಯಾಲೆಟ್, ಅಂದರೆ ಚೀಟಿ ಎತ್ತುವುದು. ಸಂಸದರು ಎಷ್ಟೇ ಓದಿಕೊಂಡು ಬಂದಿರಲಿ, ಚೀಟಿಯಲ್ಲಿ ಹೆಸರು ಬರಬೇಕು. ಇದು ಅವರ ಕೈಯಲ್ಲಿಲ್ಲ. ಹಾಗಾಗಿ 'ಮಂಡಿಸಿದ ಒಂದೂ ಚರ್ಚೆಗೆ ಬರಲಿಲ್ಲ' ಅಂತ ಸಂಸದರನ್ನು ದೂರುವುದು ನ್ಯಾಯವಲ್ಲ. ಚೀಟಿ ಎದ್ದ ದಿನ ಅವರು ಏನು ಮಾಡಿದರು ಅನ್ನುವುದನ್ನು ಕೇಳಬಹುದು.

ಆ ದಿನದ ಕಥೆ ಹೆಚ್ಚುಕಡಿಮೆ ಗೊತ್ತಿರುವಂಥದ್ದೇ. ಪಕ್ಷಭೇದ ಮರೆತು ಹತ್ತಾರು ಸದಸ್ಯರು ಮಾತಾಡುತ್ತಾರೆ. ಮಂತ್ರಿ ಎದ್ದು ಸದಸ್ಯರ ಕಾಳಜಿ ಮೆಚ್ಚುತ್ತಾರೆ, ಸರ್ಕಾರ ಈಗಾಗಲೇ ಏನೇನು ಮಾಡಿದೆ ಅಂತ ಹೇಳುತ್ತಾರೆ, ಮಸೂದೆ ವಾಪಸ್ ತೆಗೆದುಕೊಳ್ಳಿ ಅಂತ ಕೋರುತ್ತಾರೆ. ಸಂಸದರು ಒಪ್ಪುತ್ತಾರೆ. ಸದನದ ಅನುಮತಿಯೊಂದಿಗೆ ಮಸೂದೆ ವಾಪಸ್. ಜನಾರ್ದನ ಸಿಂಗ್ ಸಿಗ್ರಿವಾಲ್ ಅವರ ಕಡ್ಡಾಯ ಮತದಾನ ಮಸೂದೆ 2019ರದು. ಅದರ ಚರ್ಚೆ ಹಲವು ಅಧಿವೇಶನ ಎಳೆದು, 2022ರಲ್ಲಿ ವಾಪಸಾತಿಯಲ್ಲೇ ಮುಗಿಯಿತು. ಆದರೆ ಮಂತ್ರಿಯ ಆ ಉತ್ತರ ಇದೆಯಲ್ಲ, ಅದು ಚಿನ್ನ. ಸರ್ಕಾರ ಆ ವಿಷಯದಲ್ಲಿ ಏನು ಅಂದುಕೊಂಡಿದೆ ಅನ್ನುವುದು ದಾಖಲೆಗೆ ಬಂದಿರುತ್ತದೆ. ಜಾಲತಾಣದ ಪಟ್ಟಿಯಲ್ಲಿ ಮಾತ್ರ 'ವಾಪಸ್ ಪಡೆಯಲಾಗಿದೆ' ಅಂತ ಸೋಲಿನಂತೆ ಕಾಣುತ್ತದೆ.

ವಾಪಸ್ ತೆಗೆದುಕೊಳ್ಳದೆ ಪಟ್ಟು ಹಿಡಿದವರೂ ಇದ್ದಾರೆ. ತಮಿಳುನಾಡಿನ ತಿರುಚಿ ಶಿವ 2014ರಲ್ಲಿ ರಾಜ್ಯಸಭೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ ತಂದರು. ಆಗ ಸಾಮಾಜಿಕ ನ್ಯಾಯ ಖಾತೆಯಲ್ಲಿದ್ದವರು ಥಾವರ್‌ಚಂದ್ ಗೆಹ್ಲೋಟ್, 2021ರಲ್ಲಿ ನಮ್ಮ ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದವರು. ಅವರು ವಾಪಸ್ ಪಡೆಯಲು ಕೇಳಿದರು. ಶಿವ ಜಗ್ಗಲಿಲ್ಲ. 2015ರ ಏಪ್ರಿಲ್ 24ರಂದು ಧ್ವನಿಮತದಿಂದ ಮಸೂದೆ ಪಾಸಾಯಿತು. 1970ರ ನಂತರ ಯಾವ ಖಾಸಗಿ ಮಸೂದೆಯೂ ಕಾಯ್ದೆಯಾಗಿರದ ದೇಶದಲ್ಲಿ ಇದು ದೊಡ್ಡ ಸುದ್ದಿ.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆ ಓದಿದಂತೆ. ರಾಜ್ಯಸಭೆ ಒಪ್ಪಿದ ಖಾಸಗಿ ಮಸೂದೆಯನ್ನು ಲೋಕಸಭೆಯಲ್ಲಿ ಅಲ್ಲಿನ ಸದಸ್ಯರೊಬ್ಬರು ವಹಿಸಿಕೊಳ್ಳಬೇಕು. ಒಡಿಶಾದ ಬೈಜಯಂತ್ ಪಾಂಡಾ ವಹಿಸಿಕೊಂಡರು. ಈಗ ಶಿವ ಅವರ ಹೆಸರು ಹುಡುಕಿದರೆ ಲೋಕಸಭೆಯ ಅಧ್ಯಾಯ ಸಿಗುವುದಿಲ್ಲ, ಮಸೂದೆಯ ಹೆಸರನ್ನೇ ಹುಡುಕಬೇಕು. 2016ರಲ್ಲಿ ಅಲ್ಲಿ ಚರ್ಚೆ ಶುರುವಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಸರ್ಕಾರ ತನ್ನದೇ ಮಸೂದೆ ಮಂಡಿಸಿತು. ಶಿವ ಅವರ ಮಸೂದೆ ಅಲ್ಲೇ ಉಳಿಯಿತು. ಸರ್ಕಾರದ ಕಾಯ್ದೆ ಬಂದದ್ದು 2019ರಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಶಿಕ್ಷಣದಲ್ಲೂ ಸರ್ಕಾರಿ ಉದ್ಯೋಗದಲ್ಲೂ ಶೇ 2ರ ಮೀಸಲಾತಿ, ಪ್ರತ್ಯೇಕ ನ್ಯಾಯಾಲಯಗಳು, ರಾಷ್ಟ್ರ ಮತ್ತು ರಾಜ್ಯ ಮಟ್ಟದ ಆಯೋಗಗಳು ಮೊದಲಿನದ್ದರಲ್ಲಿ ಇದ್ದವು. ಕಾಯ್ದೆಯಲ್ಲಿ ಮೀಸಲಾತಿ ಇಲ್ಲ, ಆ ನ್ಯಾಯಾಲಯಗಳಿಲ್ಲ, ಆಯೋಗದ ಬದಲು ಒಂದು ರಾಷ್ಟ್ರೀಯ ಮಂಡಳಿ ಇದೆ. ಒಬ್ಬ ಸಂಸದರ ಮಸೂದೆ ಏನು ಸಾಧಿಸಿತು, ಏನನ್ನು ದಾರಿಯಲ್ಲಿ ಕಳೆದುಕೊಂಡಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಸ್ವಾತಂತ್ರ್ಯ ಬಂದಲ್ಲಿಂದ ಕಾಯ್ದೆಯಾದ ಖಾಸಗಿ ಮಸೂದೆಗಳು ಒಟ್ಟು 14. ಸಂಸತ್ತಿನ ಕಲಾಪವನ್ನು ಪತ್ರಿಕೆಗಳು ಮೊಕದ್ದಮೆಯ ಭಯವಿಲ್ಲದೆ ವರದಿ ಮಾಡಲು ಅವಕಾಶ ಕೊಟ್ಟ 1956ರ ಕಾಯ್ದೆ ಫಿರೋಜ್ ಗಾಂಧಿ ತಂದದ್ದು. ತುರ್ತು ಪರಿಸ್ಥಿತಿಯಲ್ಲಿ ಅದನ್ನು ರದ್ದು ಮಾಡಿದರು, 1977ರಲ್ಲಿ ಮತ್ತೆ ಬಂತು. ಕೊನೆಯದು ಆನಂದ ನಾರಾಯಣ ಮುಲ್ಲಾ ಅವರದು. ಕೆಳಗಿನ ಕೋರ್ಟು ಬಿಡುಗಡೆ ಮಾಡಿದವರಿಗೆ ಹೈಕೋರ್ಟು ಜೀವಾವಧಿಯೋ ಕನಿಷ್ಠ ಹತ್ತು ವರ್ಷದ ಶಿಕ್ಷೆಯೋ ಕೊಟ್ಟರೆ ಅವರು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗಬಹುದು ಎಂದ 1970ರ ಕಾಯ್ದೆ. ಮುಲ್ಲಾ ಸ್ವತಃ ಹೈಕೋರ್ಟ್ ನ್ಯಾಯಮೂರ್ತಿಯಾಗಿದ್ದವರು. ನೋವು ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು.

ಮಸೂದೆ ಸಾಯುವುದು ಹೇಗೆ ಎಂಬುದನ್ನೂ ನೋಡಿ. ಅಧಿವೇಶನ ಮುಗಿದರೆ ಅದಕ್ಕೇನೂ ಆಗುವುದಿಲ್ಲ. ಲೋಕಸಭೆ ವಿಸರ್ಜನೆಯಾದರೆ ಅಲ್ಲಿ ಬಾಕಿ ಇದ್ದದ್ದೆಲ್ಲ ಬಿದ್ದುಹೋಗುತ್ತದೆ. ರಾಜ್ಯಸಭೆ ವಿಸರ್ಜನೆಯಾಗುವ ಸದನವಲ್ಲ, ಹಾಗಾಗಿ ಅಲ್ಲಿ ಬಾಕಿ ಇರುವ, ಲೋಕಸಭೆಗೆ ಇನ್ನೂ ಹೋಗದ ಮಸೂದೆ ಉಳಿಯುತ್ತದೆ. ಆದರೆ ಖಾಸಗಿ ಮಸೂದೆಗೆ ಇನ್ನೊಂದು ಗಂಡಾಂತರ ಇದೆ. ತಂದ ಸದಸ್ಯರ ಅವಧಿ ಮುಗಿದರೆ ಅದೂ ಮುಗಿಯಿತು. ಸಂಸದರು ಮಂತ್ರಿಯಾದರೂ ಅಷ್ಟೇ.

ಸತ್ತ ಮಸೂದೆಯನ್ನು ಮತ್ತೆ ತರುವವರನ್ನು ಗುರುತಿಟ್ಟುಕೊಳ್ಳಿ. ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಫೋನು, ಮೇಲ್‌ಗೆ ಉತ್ತರಿಸದಿರುವ ಹಕ್ಕಿನ ಮಸೂದೆಯನ್ನು ಸುಪ್ರಿಯಾ ಸುಳೆ 2018ರ ಡಿಸೆಂಬರಿನಲ್ಲಿ ಮಂಡಿಸಿದರು. 2025ರ ಡಿಸೆಂಬರಿನಲ್ಲಿ ಅದೇ ವಿಷಯ ಮತ್ತೆ ತಂದರು. ಬರೀ ಎಣಿಸಿದರೆ ಇದು ಎರಡು ಬೇರೆ ಬೇರೆ ಮಸೂದೆ. ಪಠ್ಯ ಹೋಲಿಸಿ ನೋಡಿದರೆ ಹಳೆಯದನ್ನು ಸುಮ್ನೆ ವರ್ಷ ಬದಲಿಸಿ ತಂದಿದ್ದಾರೋ, ನಡುವೆ ಬಂದ ಟೀಕೆಗೆ ಉತ್ತರವಾಗಿ ತಿದ್ದಿದ್ದಾರೋ ಗೊತ್ತಾಗುತ್ತದೆ. ಯಾವ ಸಂಸದರ ವಿಷಯದಲ್ಲೇ ಆಗಲಿ ಈ ಹೋಲಿಕೆಯನ್ನು ನಾನು ತಪ್ಪಿಸುವುದಿಲ್ಲ.

ನೀವೇ ಒಂದು ಹಾಳೆ ಇಟ್ಟುಕೊಳ್ಳುವುದಾದರೆ ಮಸೂದೆಯ ಸಂಖ್ಯೆ, ಹೇಳಿಕೆಯ ಕೆಳಗಿನ ದಿನಾಂಕ, ಮಂಡನೆಯ ದಿನಾಂಕ, ಈಗಿನ ಸ್ಥಿತಿ ಇಷ್ಟು ಸಾಕು. ಜೊತೆಗೆ ಅದೇ ವಿಷಯದ ಮೇಲೆ ಆ ಸಂಸದರು ಪ್ರಶ್ನೆ ಕೇಳಿದ್ದಾರಾ, ಅದಕ್ಕೆ ಬಂದ ಉತ್ತರ ಏನು ಅಂತ ಒಂದು ಕಾಲಂ. ಮಸೂದೆ ಚೀಟಿಗಾಗಿ ಕಾಯಬೇಕು ನಿಜ. ಪ್ರಶ್ನೆಯನ್ನು ಮಾತ್ರ ಪ್ರತಿ ಅಧಿವೇಶನದಲ್ಲೂ ಕೇಳಬಹುದು. ನೀರಿನ ಬಗ್ಗೆ ಮಸೂದೆ ಮಂಡಿಸಿ ಐದು ವರ್ಷದಲ್ಲಿ ನೀರಿನ ಮೇಲೆ ಒಂದು ಪ್ರಶ್ನೆಯನ್ನೂ ಕೇಳದವರು ನಿಮ್ಮ ಕ್ಷೇತ್ರದವರಾಗಿದ್ದರೆ, ಮುಂದಿನ ಸಲ ಊರಿಗೆ ಬಂದಾಗ ಅದನ್ನೇ ಕೇಳಿ.