ಗಂಟು ತೆಗೆದಾಯ್ತಲ್ಲ, ಲ್ಯಾಬ್ ಯಾಕೆ?

"ಗಂಟು ತೆಗದೀರಲ್ರಿ ಸಾಹೇಬ್ರ, ಮತ್ತ ಲ್ಯಾಬಿಗಿ ಯಾಕ?"

ಕಲಬುರಗಿಯ ನನ್ನ ಓಪಿಡಿಯಲ್ಲಿ ಈ ಪ್ರಶ್ನೆ ಕೇಳದ ವಾರವಿಲ್ಲ. ಬಯಾಪ್ಸಿ ಅಂದರೆ ಸಾಕು, ಜೊತೆಗೆ ಬಂದ ನಾಲ್ಕೂ ಜನರ ಮುಖ ಬಾಡುತ್ತದೆ. ಬಯಾಪ್ಸಿ ಅಂದ್ರೆ ಕ್ಯಾನ್ಸರ್ ಅಂತಲ್ಲ ಮಾರಾಯ್ರೆ. ತೆಗೆದದ್ದು ಏನು ಅಂತ ಹೆಸರು ಹಿಡಿಯುವ ಪರೀಕ್ಷೆ, ಅಷ್ಟೇ.

ತಲೆ, ಮುಖ, ಕುತ್ತಿಗೆಯ ಮೇಲಿನ ಗಂಟಿಗೆಲ್ಲ ನಮ್ಮ ಕಡೆ ಒಂದೇ ಹೆಸರು: ಕೊಬ್ಬಿನ ಗಡ್ಡೆ. ಎಷ್ಟೋ ಸಲ ಅದು ಸರಿಯೂ ಇರಬಹುದು. ಆದರೆ ಬೆವರು ಗ್ರಂಥಿಯಿಂದ, ಕೂದಲ ಬುಡದಿಂದ ಹುಟ್ಟುವ ಅಪರೂಪದ ಗಡ್ಡೆಗಳೂ ಹೊರಗಿನಿಂದ ಹಾಗೇ ಕಾಣುತ್ತವೆ. ಕೈಯಿಂದ ಮುಟ್ಟಿ ಹೇಳಿದ್ದು ನನಗೂ ತಪ್ಪಿದೆ.

ಚಿಂಚೋಳಿ ಕಡೆಯ ಒಬ್ಬ ಹುಡುಗ. ಹುಬ್ಬಿನ ತುದಿಯಲ್ಲಿ ಕಡಲೆ ಕಾಳಿನಷ್ಟು ಗಂಟು. ಚರ್ಮ ಎಳೆದು ಹಿಡಿದರೆ ಒಳಗೆ ಮೂಲೆಗಳಿರುವ ಹರಳಿನಂತೆ ಕಾಣುತ್ತಿತ್ತು. ತೆಗೆದು ಕೊಯ್ದರೆ ಬ್ಲೇಡಿನಡಿ ಕರಕರ ಸದ್ದು, ಸುಣ್ಣ ಕಟ್ಟಿತ್ತು. ಪೈಲೋಮ್ಯಾಟ್ರಿಕೋಮಾ, ಕೂದಲ ಬುಡದಿಂದ ಹುಟ್ಟುವ ಗಡ್ಡೆ. 1880ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವೈದ್ಯ ಮಲೆರ್ಬ್ ಕೂಡ ಇದು ಚರ್ಮದ ಎಣ್ಣೆ ಗ್ರಂಥಿಯದು ಅಂದುಕೊಂಡಿದ್ದ. ಕೂದಲ ಬುಡದ್ದು ಅಂತ ಈಗಿನ ಹೆಸರು ಬಂದದ್ದು 1961ರಲ್ಲಿ. ಅಂಥವರೇ ಎಡವಿದಾಗ ನಾನ್ಯಾವ ಲೆಕ್ಕ! ಪೂರ್ತಿ ತೆಗೆದರೆ ಇದು ಮತ್ತೆ ಬರುವುದು ಕಡಿಮೆ.

ಆಳಂದದ ಅಜ್ಜಿಯದು ಬೇರೆ ಕತೆ. ನೆತ್ತಿಯ ಗಂಟನ್ನು ಬೇರೆ ಕಡೆ ಎರಡು ಸಲ ತೆಗೆಸಿದ್ದರು. ಎರಡು ಸಲವೂ ಅದು ಕಸದ ಬುಟ್ಟಿಗೆ ಹೋಗಿತ್ತು. ಮೂರನೇ ಸಲ ನಾನು ಹಟ ಮಾಡಿ ಕಳಿಸಿದೆ. ಸಿಲಿಂಡ್ರೋಮಾ ಅಂತ ಬಂತು, ಆ ಅಪರೂಪದ ಗಡ್ಡೆಗಳಲ್ಲೊಂದು. ಜಾಸ್ತಿಯಾಗಿ ತಲೆ ತುಂಬಿದರೆ ರುಮಾಲು ಸುತ್ತಿದಂತೆ ಕಾಣುತ್ತದೆ ಅಂತ ಪುಸ್ತಕದಲ್ಲಿ ಇದಕ್ಕೆ ರುಮಾಲಿನ ಹೆಸರೇ ಇದೆ. ಆದರೆ ಇದು ಹೆಂಗಸರಲ್ಲೇ ಜಾಸ್ತಿ, ನಮ್ಮಲ್ಲಿ ಸೆರಗಿನಡಿ ಅಡಗಿರುತ್ತದೆ. ಗಂಟು ಒಂದಕ್ಕಿಂತ ಹೆಚ್ಚಿದ್ದರೆ ಮನೆತನದಲ್ಲಿ ಬಂದದ್ದಿರಬಹುದು. ಆಗ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಮಗಳನ್ನು ಕರೆಸಿ ಕೂದಲು ಸರಿಸಿ ನೋಡಿದೆ. ಕಿವಿಯ ಹಿಂದೆ ಎರಡು ಸಣ್ಣ ಗಂಟು. ಹೆಸರು ಗೊತ್ತಾಗದೆ ಇದ್ದಿದ್ದರೆ ಆಕೆಯನ್ನು ಯಾರು ನೋಡುತ್ತಿದ್ದರು?

ಇಂಥವು ಬಹುತೇಕ ನಿರುಪದ್ರವಿ. ಬಹುತೇಕ ಅಂದೆ, ಎಲ್ಲವೂ ಅನ್ನಲಿಲ್ಲ.

ಬೇರೆ ಕಡೆ ತೆಗೆಸಿದ್ದನ್ನು ನೀವೇ ಲ್ಯಾಬಿಗೆ ಒಯ್ಯುವುದಾದರೆ ನೀರಲ್ಲಿ ಹಾಕಬೇಡಿ, ಕೊಳೆಯುತ್ತದೆ. ತೆಗೆದದ್ದು ಕೆಡದಂತೆ ಇಡುವ ದ್ರಾವಣ, ಶೇ 10ರ ಫಾರ್ಮಲಿನ್, ಕೇಳಿ ಪಡೆಯಿರಿ. ಬಾಟಲಿಯ ಬಾಯಿ ಅಗಲವಿರಲಿ. ಒಬ್ಬರು ಟಾನಿಕ್ ಬಾಟಲಿಗೆ ತುರುಕಿ ಸೇಡಂನಿಂದ ಬಸ್ಸಲ್ಲಿ ತಂದಿದ್ದರು. ಹಾಕುವಾಗ ಮೆತ್ತಗಿದ್ದದ್ದು ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿ ಕೂತಿತ್ತು. ಕೊನೆಗೆ ಲ್ಯಾಬಿನ ಹುಡುಗ ಬಾಟಲಿಯನ್ನೇ ಒಡೆದ.